ವಿದ್ಯಾಲಯಪ್ರವೇಶವನ್ನು ಕುರಿತ ಕೆಲವು ವಾದಗಳ ವಿಮರ್ಶೆ

ಜಾತಿಗೂ ಉನ್ನತ ವಿದ್ಯಾಭ್ಯಾಸದ ಪ್ರವೇಶಕ್ಕೂ ಇರುವ ಸಂಬಂಧವನ್ನು ಕುರಿತು ಕನ್ನಡನಾಡಿನಲ್ಲಿ ನೂರು ವರ್ಷಗಳಿಗೂ ಮಿಕ್ಕು ವಾದವಿವಾದಗಳು ನಡೆದುಬಂದಿವೆ. ಯಾವ ಪಕ್ಷವು ಧರ್ಮ್ಯವಾದುದು, ಯಾವುದು ಅಲ್ಲ ಎಂದು ತೀರ್ಮಾನ ಹೇಳಲು ರಾಜಕಾರಣಿಗಳೂ ನ್ಯಾಯಾಧೀಶರೂ ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಸಾಹಿತ್ಯವಿಮರ್ಶಕನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಈ ವಾದಗಳೆಲ್ಲವೂ ವಾಕ್ಯಗಳ ಮೂಲಕ ನಡೆಯತಕ್ಕವು. ವಾಕ್ಯಗಳೋ ಬಾಯಿಂದ ಬಾಯಿಗೆ ದಾಟಿಬಂದವು. ಓಲೆಯ ಗ್ರಂಥಗಳಿಗೆ ಲಿಪಿಕಾರರ ಕೈಯಲ್ಲಿ ಏನಾಗುವುದೋ ಇವುಗಳಿಗೂ ಅದೇ ಆಗಿದೆ. ಒಂದು ಕಡೆ ಪದ ಬಿಟ್ಟುಹೋಗಿದೆ. ಇನ್ನೊಂದು ಕಡೆ ಅಂಚಿನಲ್ಲಿದ್ದ ಟಿಪ್ಪಣಿ ಮೂಲದೊಳಕ್ಕೆ ನುಗ್ಗಿದೆ. ಮತ್ತೊಂದು ಕಡೆ ಒಂದು ಪ್ರಕರಣದ ಮಾತು ಬೇರೊಂದು ಪ್ರಕರಣಕ್ಕೆ ಅಂಟಿಕೊಂಡಿದೆ. ಪಾಠಶೋಧನದ ಅಭ್ಯಾಸವುಳ್ಳವರು ಇಂಥ ಕಡೆಯಲ್ಲಿ ಸುಮ್ಮನಿರುವುದು ಸರಿಯಲ್ಲ. ಅದರಲ್ಲಿಯೂ ಈ ಮಾತುಗಳು ನಮ್ಮ ತರಗತಿಗಳಲ್ಲಿಯೇ, ಯಾರನ್ನು ಕುರಿತು ಹೇಳಿವೆಯೋ ಆ ಹುಡುಗ ಹುಡುಗಿಯರ ಎದುರಿನಲ್ಲಿಯೇ, ದಿನವೂ ಪಠಿತವಾಗುತ್ತಿರುವಾಗ.

ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿರುವರಷ್ಟೆ. ಒಂದು ಪದವು ಮತ್ತೊಂದನ್ನು ಬಯಸುವುದು ಆಕಾಂಕ್ಷೆ; ಬೇಡಿದ ಪದವು ಅದರೊಡನೆ ಹೊಂದಿಕೆಯಾಗುವುದು ಯೋಗ್ಯತೆ; ಎರಡೂ ಹತ್ತಿರದಲ್ಲಿ ಉಚ್ಚರಿತವಾಗುವುದು ಸನ್ನಿಧಿ. ಬೆಂಕಿಯಿಂದ ತೋಯಿಸುತ್ತಾನೆ ಎಂಬಲ್ಲಿ ವ್ಯಾಕರಣದ ದೋಷವಿಲ್ಲ; ಯೋಗ್ಯತೆಯಿಲ್ಲ. ಪ್ರವೇಶವಾದಗಳಲ್ಲಿ ಬಹುಮಟ್ಟಿನ ದೋಷಗಳು ಈ ಮೂರರಲ್ಲಿ ಯಾವುದಾದರೊಂದು ತಪ್ಪಿದ್ದರಿಂದ ಬಂದವು. ಅದನ್ನು ನಿದರ್ಶನಗಳಿಂದ ತೋರಿಸುವುದಷ್ಟೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಪೂರ್ವದಿಕ್ಕಿನ ಕಾಡುಗೋಡಿಯಿಂದ ವಿಚಾರವನ್ನು ಪ್ರಾರಂಭಿಸುವುದು ಅನುಕೂಲ. 2023ನೆಯ ಮಾರ್ಚಿ ತಿಂಗಳಲ್ಲಿ ಅಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೆ ವೈಟ್‌ಫೀಲ್ಡ್ ಎಂಬ ಹೆಸರನ್ನಿಟ್ಟು, ಕಾಡುಗೋಡಿಯನ್ನು ಆವರಣಚಿಹ್ನೆಯೊಳಗೆ ಕೂಡಿಸಿದ್ದಾರೆ. ಹಳೆಯ ಊರು ಹೊಸ ವಸಾಹತಿಗೆ ಟಿಪ್ಪಣಿಯಾಗಿದೆ. ಆ ವಸಾಹತಾದರೂ ಹುಟ್ಟಿದ್ದು ಜನಾಂಗದ ಹೆಸರಿನಲ್ಲಿಯೇ. 1882ರಲ್ಲಿ ಡಿ. ಎಸ್. ವೈಟ್ ಎಂಬವರ ಮುಂದಾಳುತನದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರು ಚಾಮರಾಜೇಂದ್ರ ಒಡೆಯರಿಂದ ಸುಮಾರು 3,900 ಎಕರೆ ಭೂಮಿಯನ್ನು ಪಡೆದು ಅಲ್ಲಿ ನೆಲೆಯೂರಿದರು. ಸರ್ಕಾರದ ಚಿಕ್ಕಪುಟ್ಟ ಉದ್ಯೋಗಗಳನ್ನೇ ನೆಚ್ಚಿಕೊಂಡಿದ್ದ ಆ ಜನಕ್ಕೆ ಬೇಸಾಯದ ಆಸರೆಯೊಂದು ಇರಲೆಂಬುದು ಉದ್ದೇಶವಾಗಿತ್ತು.

ಜನಾಂಗವೆಂಬ ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಮೈಬಣ್ಣ, ರಕ್ತಸಂಬಂಧಗಳಿಂದ ಗುರುತಿಸುವ ಸಮೂಹಕ್ಕೂ ನಾವು ಜನಾಂಗವೆನ್ನುತ್ತೇವೆ. ಒಕ್ಕಲಿಗ ಜನಾಂಗ, ಕುರುಬ ಜನಾಂಗ ಎಂದು ಜಾತಿಗೂ ಅದನ್ನೇ ಹಚ್ಚುತ್ತೇವೆ. ಹಿಂದುಳಿದ ಜನಾಂಗಗಳು ಎಂಬುದಂತೂ ನಿತ್ಯದ ಮಾತು. ಸಂವಿಧಾನದ ಮಾತು ಅದಲ್ಲ, ವರ್ಗವೆಂಬುದು. ಒಂದು ಹುಟ್ಟಿನಿಂದ ಬಂದು ಬಿಡದೆ ನಿಲ್ಲುವ ಗುಂಪನ್ನು ಸೂಚಿಸುತ್ತದೆ. ಇನ್ನೊಂದು ಲಕ್ಷಣವನ್ನು ನೋಡಿ ಮಾಡಿದ ವಿಂಗಡಣೆಯನ್ನು. ವರ್ಗದ ಸ್ಥಾನದಲ್ಲಿ ಜನಾಂಗವನ್ನಿಟ್ಟವರು, ವಿವಾದದ ಅರ್ಧಭಾಗವನ್ನು ತಾವರಿಯದೆಯೇ ತೀರ್ಮಾನ ಮಾಡಿದಂತಾಯಿತು. ಅಮೆರಿಕದ ಕರಿಯರನ್ನು ಕುರಿತ ವಾದಗಳನ್ನು ಯಥಾವತ್ತಾಗಿ ಇಲ್ಲಿಗೆ ತಂದು ಜಾತಿಯ ಮೇಲೆ ಹೊದಿಸಲು ಅನೇಕರಿಗೆ ಸುಲಭವಾಗಿರುವುದಕ್ಕೂ ನಮ್ಮ ಭಾಷೆಯ ಈ ಸಡಿಲವೇ ಒಂದು ಕಾರಣ.

ಇನ್ನು ಮೊದಲನೆಯ ವಾದ. ಸಂವಿಧಾನವು ಮೀಸಲಾತಿಯನ್ನು ಹತ್ತೇ ವರ್ಷಕ್ಕೆಂದು ಕೊಟ್ಟಿತ್ತು, ಆಮೇಲಿನದೆಲ್ಲ ಓಟಿಗಾಗಿ ಎಳೆದ ದಾರ ಎಂಬುದನ್ನು ಕೇಳದ ಉಪಾಧ್ಯಾಯರಿಲ್ಲ. ಸಭೆಗಳಲ್ಲಿ ಇದನ್ನು ಹೇಳಿದಾಗ ಎದುರುಪಕ್ಷದವರೂ ಪ್ರಾಯಶಃ ಒಪ್ಪಿಕೊಂಡು, ಹತ್ತು ವರ್ಷ ಸಾಲಲಿಲ್ಲವೆಂದು ಸಮಾಧಾನ ಹೇಳುತ್ತಾರೆ. ಇಬ್ಬರೂ ಮೂಲವನ್ನು ನೋಡಲಿಲ್ಲ. ಹತ್ತು ವರ್ಷಗಳ ಅವಧಿ ಸಂವಿಧಾನದಲ್ಲಿ ಇಲ್ಲದೆ ಇಲ್ಲ. ಆದರೆ ಎಲ್ಲಿದೆಯೆಂಬುದು ಮುಖ್ಯ. 334ನೆಯ ವಿಧಿಯಲ್ಲಿ ಇದೆ: ಅದು ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಗಳಿಗೆ ಸಂಬಂಧಪಟ್ಟುದು. ಮತ್ತೆ ಮತ್ತೆ ವಿಸ್ತರಿಸಲ್ಪಟ್ಟು ಈಗ 2030ರವರೆಗೆ ಸಾಗಿರುವುದು ಇದೇ. ಕಾಲೇಜಿನ ಪ್ರವೇಶಕ್ಕೆ ಆಧಾರವಾದುದು 15ನೆಯ ವಿಧಿಯ ನಾಲ್ಕನೆಯ ಖಂಡ. ಸಂವಿಧಾನವು ಜಾರಿಗೆ ಬಂದಾಗ ಅದು ಇರಲೇ ಇಲ್ಲ. 1951ರಲ್ಲಿ ಮೊದಲನೆಯ ತಿದ್ದುಪಡಿಯಿಂದ ಸೇರಿತು. ಅದರಲ್ಲಿ ಹತ್ತು ಎಂಬ ಸಂಖ್ಯೆಯಾಗಲಿ ಬೇರೆ ಯಾವ ಅವಧಿಯಾಗಲಿ ಇಲ್ಲ. ಶಾಸನಸಭೆಯ ಮಾತು ಪಾಠಶಾಲೆಗೆ ಬಂದು ಸೇರಿದೆ. ಸನ್ನಿಧಿಯಿಲ್ಲದ ಪದಗಳನ್ನು ಕೂಡಿಸಿ ಅನ್ವಯ ಮಾಡಿದ ದೋಷ ಇದು.

ವಿದ್ಯೆಯ ವಿಷಯದಲ್ಲಿ ಹತ್ತು ವರ್ಷಗಳ ಗಡುವು ಒಬ್ಬರಿಗೆ ಮಾತ್ರ ನಿಜವಾಗಿ ಇತ್ತು: ಕಾಡುಗೋಡಿಯ ನೆರೆಯವರಾದ ಆಂಗ್ಲೋ-ಇಂಡಿಯನ್ನರಿಗೆ. 336ನೆಯ ವಿಧಿಯ ಪ್ರಕಾರ ರೈಲ್ವೆ, ಸುಂಕ, ಅಂಚೆ ತಂತಿ ಇಲಾಖೆಗಳಲ್ಲಿ 1947ನೆಯ ಆಗಸ್ಟ್ 15ಕ್ಕೆ ಮುಂಚೆ ಅವರಿಗಿದ್ದ ಪಾಲನ್ನು ಎರಡು ವರ್ಷ ಹಾಗೆಯೇ ನಡೆಸಿ, ಅಲ್ಲಿಂದ ಮುಂದೆ ಎರಡೆರಡು ವರ್ಷಕ್ಕೆ ಶೇಕಡಾ ಹತ್ತರಂತೆ ಇಳಿಸುತ್ತ, ಹತ್ತು ವರ್ಷಕ್ಕೆ ನಿಲ್ಲಿಸಬೇಕು. 337ನೆಯ ವಿಧಿಯ ಪ್ರಕಾರ ಅವರ ಶಾಲೆಗಳಿಗೆ ಸಲ್ಲುತ್ತಿದ್ದ ಸಹಾಯಧನವೂ ಮೂರು ವರ್ಷ ಪೂರ್ತಿಯಾಗಿ ಸಂದು, ಆಮೇಲೆ ಇಳಿಯುತ್ತ ಬಂದು, ಹತ್ತು ವರ್ಷಕ್ಕೆ ಕೊನೆಗೊಳ್ಳಬೇಕು. ಈ ಎರಡನೆಯದರಲ್ಲಿ ಒಂದು ನಿಯಮವಿದೆ; ವಾಚಕರು ಅದನ್ನು ಗಮನಿಸಬೇಕೆಂದು ಬೇಡುತ್ತೇನೆ. ವರ್ಷಂಪ್ರತಿ ಸೇರಿಸಿಕೊಳ್ಳುವ ಮಕ್ಕಳಲ್ಲಿ ಶೇಕಡಾ 40 ಸ್ಥಾನಗಳಾದರೂ ಇತರ ಸಮುದಾಯದವರಿಗೆ ದೊರೆಯುವಂತಿದ್ದರೆ ಮಾತ್ರ ಶಾಲೆಗೆ ಧನಸಹಾಯ. ಹಣವನ್ನು ಒಂದು ಜನಾಂಗದ ಶಾಲೆಗೆ ಕೊಟ್ಟು, ಬಾಗಿಲನ್ನು ಇತರರಿಗೆ ತೆರೆಯಿಸುವ ಏರ್ಪಾಡು. ಹತ್ತು ವರ್ಷದ ವಾದವನ್ನು ಉಚ್ಚಸ್ವರದಲ್ಲಿ ನುಡಿಯುವವರಲ್ಲಿ ಹಲವರು ತಮ್ಮ ಮಕ್ಕಳನ್ನು ಓದಿಸುವುದು ಇಂಥ ಹಳೆಯ ಶಾಲೆಗಳಲ್ಲಿಯೇ. ಆ ಶಾಲೆಗಳ ಬಾಗಿಲು ಹೇಗೆ ತೆರೆಯಿತೆಂಬುದನ್ನು ಅವರು ವಿಚಾರಿಸಿದಂತೆ ಕಾಣುವುದಿಲ್ಲ.

ಇದೇ ಬಗೆಯ ಸ್ಖಲನ ಅಮೆರಿಕದಲ್ಲಿಯೂ ಆಗಿದೆಯೆಂಬುದು ಕುತೂಹಲಕರ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಜನಾಂಗವನ್ನು ಗಣಿಸಬಹುದೆಂದು ಹೇಳಿ, ಇಪ್ಪತ್ತೈದು ವರ್ಷಗಳ ತರುವಾಯ ಇದು ಬೇಕಾಗಲಾರದೆಂದು ನಿರೀಕ್ಷೆಯನ್ನು ಸೂಚಿಸಿತ್ತು. ನಿರೀಕ್ಷೆ ಕ್ರಮೇಣ ಗಡುವಾಗಿ ಓದಲ್ಪಟ್ಟಿತು. 2023ನೆಯ ಜೂನ್ 29ರಂದು, ಹಾರ್ವರ್ಡ್ ಮತ್ತು ಉತ್ತರ ಕೆರೊಲೈನಾ ವಿಶ್ವವಿದ್ಯಾನಿಲಯಗಳ ಮೊಕದ್ದಮೆಗಳಲ್ಲಿ, ಅದೇ ನ್ಯಾಯಾಲಯವು ಆ ಪದ್ಧತಿಯನ್ನೇ ತೊಡೆದುಹಾಕಿತು. ಈ ತೀರ್ಪನ್ನು ಹಿಡಿದುಕೊಂಡು, ಅಮೆರಿಕವೇ ಮೀಸಲಾತಿಯನ್ನು ಬಿಟ್ಟಿತು, ನಾವೇಕೆ ಬಿಡಬಾರದು ಎಂದು ನಮ್ಮಲ್ಲಿ ಬರೆದವರುಂಟು. ಅಲ್ಲಿ ಇಂತಿಷ್ಟು ಸ್ಥಾನವೆಂದು ತೆಗೆದಿಡುವುದನ್ನು 1978ರಲ್ಲಿಯೇ ನಿಷೇಧಿಸಿದ್ದರು. 2023ರಲ್ಲಿ ಬಿದ್ದುಹೋದದ್ದು ಹಲವು ಗುಣಗಳ ನಡುವೆ ಜನಾಂಗವನ್ನೂ ಒಂದಾಗಿ ತೂಗುವ ಕ್ರಮ. ಇಲ್ಲದೆ ಇದ್ದುದನ್ನು ಬಿಟ್ಟರೆಂದು ಹೇಳುವುದು ವಂಧ್ಯಾಪುತ್ರನಿಗೆ ಶ್ರಾದ್ಧ ಮಾಡಿದಂತೆ.

ಎರಡನೆಯ ವಾದ ಶೇಕಡಾ ಐವತ್ತನ್ನು ಕುರಿತದ್ದು. ಐವತ್ತನ್ನು ಮೀರಕೂಡದೆಂದು ಸಂವಿಧಾನದಲ್ಲಿದೆ ಎನ್ನುತ್ತಾರೆ. ಇದು ಹುಟ್ಟಿದ್ದು ನಮ್ಮ ಮೈಸೂರು ರಾಜ್ಯದ ಒಂದು ಆಜ್ಞೆಯ ಮೇಲಣ ವ್ಯಾಜ್ಯದಲ್ಲಿ. 1962ನೆಯ ಜುಲೈ 31ರ ಆ ಆಜ್ಞೆಯು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ವರ್ಗಗಳಿಗೆ 3, ಒಟ್ಟು ಶೇಕಡಾ 68 ಸ್ಥಾನಗಳನ್ನು ಕಾದಿರಿಸಿತ್ತು. ಅದೇ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ಐವತ್ತಕ್ಕೆ ಕಡಮೆಯಿರಬೇಕೆಂದು ನ್ಯಾಯಾಲಯವು ಹೇಳಿದ್ದು ಸ್ಥೂಲವಾಗಿ, ಸಾಮಾನ್ಯರೀತಿಯಲ್ಲಿ. ಎಷ್ಟು ಕಡಮೆಯೆಂಬುದನ್ನು ಸಂದರ್ಭಕ್ಕೆ ಬಿಟ್ಟು. ಸ್ಥೂಲೋಕ್ತಿ ಕಾಲಾಂತರದಲ್ಲಿ ಸೂತ್ರವಾಯಿತು. 1992ರ ಮಂಡಲ ಮೊಕದ್ದಮೆಯ ಒಂಬತ್ತು ನ್ಯಾಯಾಧೀಶರ ಪೀಠವು ಅದನ್ನು ಸ್ಥಿರಪಡಿಸಿ, ಅಸಾಧಾರಣ ಸಂದರ್ಭಗಳಿಗೆ ಸ್ವಲ್ಪ ಎಡೆಯನ್ನಿಟ್ಟಿತು. 2019ರ ನೂರಮೂರನೆಯ ತಿದ್ದುಪಡಿ ಇತರರಲ್ಲಿ ಬಡವರಾದವರಿಗೆ ಶೇಕಡಾ ಹತ್ತನ್ನು ಕೊಟ್ಟಾಗ ಮೊತ್ತವು ಐವತ್ತನ್ನು ದಾಟಿತು. 2022ನೆಯ ನವೆಂಬರಿನಲ್ಲಿ ಐವರಲ್ಲಿ ಮೂವರು ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು. ಅದೇ ವರ್ಷ ಕರ್ನಾಟಕವು ಪರಿಶಿಷ್ಟರ ಪಾಲನ್ನು ಹದಿನೇಳಕ್ಕೂ ಏಳಕ್ಕೂ ಏರಿಸಿ ಒಟ್ಟನ್ನು 56 ಮಾಡಿಕೊಂಡಿತು. ಐವತ್ತು ಪವಿತ್ರಸಂಖ್ಯೆಯೆಂದು ಹೇಳುತ್ತಿದ್ದವರಲ್ಲಿ 2019ರಲ್ಲಿ ಮೌನವಹಿಸಿದವರು ಎಷ್ಟೋ ಮಂದಿ. ಸಂಖ್ಯೆಯಲ್ಲಿದ್ದ ಅವರ ಭಕ್ತಿ ಎಂಥದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಬಾಲಾಜಿ ತೀರ್ಪಿನಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಐವತ್ತಲ್ಲ, 6.9 ಎಂಬ ಇನ್ನೊಂದು ಅಂಕಿ. 1961ರಲ್ಲಿ ವರದಿಯೊಪ್ಪಿಸಿದ ನಾಗನಗೌಡ ಸಮಿತಿಯು ಹಿಂದುಳಿದಿರುವಿಕೆಯನ್ನು ಅಳೆಯಲು ಒಂದು ಮಾನವನ್ನು ಹುಡುಕಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಒಂದೊಂದು ಸಮುದಾಯದ ಮಕ್ಕಳು ಆ ಸಮುದಾಯದ ಸಾವಿರ ಜನಕ್ಕೆ ಎಷ್ಟಿರುವರೆಂದು ಎಣಿಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9. ಸರಾಸರಿಗಿಂತ ಕೊಂಚ ಕೆಳಗಿರುವವರನ್ನು ಹಿಂದುಳಿದವರೆನ್ನಲಾಗದು, ಬಹಳ ಕೆಳಗಿರಬೇಕು ಎಂದು ನ್ಯಾಯಾಲಯವು ಆಕ್ಷೇಪಿಸಿತು. ಆಕ್ಷೇಪವು ಸರಿಯೇ ಇರಬಹುದು. ಆದರೆ ಯಾರು, ಎಷ್ಟರಲ್ಲಿ, ಯಾವ ತರಗತಿಯಲ್ಲಿ ಎಂಬ ಮೂರು ಆಕಾಂಕ್ಷೆಗಳನ್ನೂ ಪೂರೈಸಿದ ಸಂಖ್ಯೆ ಅದು. ಆದ್ದರಿಂದಲೇ ಅದನ್ನು ಆಕ್ಷೇಪಿಸುವುದಕ್ಕೂ ಸಾಧ್ಯವಾಯಿತು. ಈಗಿನ ಭಾಷಣಗಳಲ್ಲಿ ಬರುವ ಶೇಕಡಾಗಳನ್ನು ಆಕ್ಷೇಪಿಸುವುದಕ್ಕೇ ಬರುವುದಿಲ್ಲ. ಯಾವುದರಲ್ಲಿ ಶೇಕಡಾ ಎಂಬುದೇ ಅಲ್ಲಿರುವುದಿಲ್ಲ. ಅರ್ಜಿ ಹಾಕಿದವರಲ್ಲಿಯೋ, ಪರೀಕ್ಷೆಯಲ್ಲಿ ತೇರಿದವರಲ್ಲಿಯೋ, ಸರ್ಕಾರಿ ಕಾಲೇಜುಗಳಲ್ಲಿಯೋ, ಎಲ್ಲ ಕಾಲೇಜುಗಳಲ್ಲಿಯೋ? ನವಕಂಬಲವೆಂದರೆ ಹೊಸ ಕಂಬಳಿಯೆಂದು ಒಬ್ಬನು, ಒಂಬತ್ತು ಕಂಬಳಿಯೆಂದು ಇನ್ನೊಬ್ಬನು ಕಾದಾಡುವ ಛಲವು ನ್ಯಾಯಶಾಸ್ತ್ರದ ಪುಸ್ತಕದಲ್ಲಿ ನಗೆಗೆ ಕಾರಣವಾದೀತು. ಕಾಲೇಜಿನ ಸ್ಥಾನಗಳ ವಿಷಯದಲ್ಲಿ ನಗುವಂತಿಲ್ಲ.

ಈ ದೋಷವು ಒಂದೇ ಪಕ್ಷಕ್ಕೆ ಮೀಸಲೆಂದು ಭಾವಿಸಬಾರದು. ಕರ್ನಾಟಕದಲ್ಲಿ 2015ರಲ್ಲಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿಯು ಸರ್ಕಾರದ ಕೈಸೇರಿದ್ದು 2024ನೆಯ ಫೆಬ್ರವರಿಯಲ್ಲಿ. ನಡುವಿನ ಒಂಬತ್ತು ವರ್ಷ ಯಾರೂ ಓದದ ಆ ಗ್ರಂಥಕ್ಕೆ ಭಾಷ್ಯಗಳೂ ಖಂಡನಗಳೂ ಹುಟ್ಟಿದವು. ನಮ್ಮ ಸಂಖ್ಯೆ ಇಷ್ಟು, ಆದುದರಿಂದ ನಮ್ಮ ಪಾಲು ಇಷ್ಟು ಎಂದವರೂ, ಆ ಸಂಖ್ಯೆ ಸುಳ್ಳೆಂದವರೂ ಸಮಾನವಾಗಿ ವಿತಂಡೆಯನ್ನು ಆಡಿದರು. 2025ರಲ್ಲಿ ಮತ್ತೊಂದು ಸಮೀಕ್ಷೆಯನ್ನು ಪ್ರಾರಂಭಿಸಬೇಕಾಯಿತು. ಸಂಖ್ಯೆ ಗೊತ್ತಾದರೂ, ಜನಸಂಖ್ಯೆಯ ಪಾಲೇ ಪ್ರವೇಶದ ಪಾಲಾಗಬೇಕೆಂಬುದು ಬೇರೆಯೇ ಪ್ರತಿಜ್ಞೆ. ಅದಕ್ಕೆ ಬೇರೆಯೇ ಹೇತು ಬೇಕು. ಎಣಿಕೆಯಿಂದ ಅದು ತಾನಾಗಿ ಸಿದ್ಧಿಸುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ಗಡುಸಾದುದು, ಯೋಗ್ಯತೆಯ ವಾದ. ಇದರ ಮೂಲವನ್ನು ಕಾಣಬೇಕಾದರೆ 1918ಕ್ಕೆ ಹೋಗಬೇಕು. ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿ ಎರಡೇ ವರ್ಷವಾಗಿತ್ತು. ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಳಿಯ ಮೂಲಕ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಬಿನ್ನವಿಸಿಕೊಂಡ ಮೇಲೆ, ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯು ನಿಯಮಿತವಾಯಿತು. ಅದೇ ವರ್ಷದ ಕೊನೆಯಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟರು. 1919ರಲ್ಲಿ ವರದಿ, 1921ರಲ್ಲಿ ಸರ್ಕಾರದ ಆಜ್ಞೆ. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಉದ್ಯೋಗಗಳಲ್ಲಿ ಅರ್ಧ, ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಭಾಗ ಬ್ರಾಹ್ಮಣರಲ್ಲದವರಿಗೆ ಸಲ್ಲಬೇಕೆಂಬುದು ಗುರಿ. ಉಚ್ಚ ವಿದ್ಯಾಭ್ಯಾಸಕ್ಕೆ ಹಿಂದುಳಿದವರನ್ನು ಹುರಿದುಂಬಿಸುವ ಸೌಕರ್ಯಗಳನ್ನು ಸೂಚಿಸುವುದೂ ಸಮಿತಿಯ ಕೆಲಸಗಳಲ್ಲಿ ಒಂದಾಗಿತ್ತು.

ಈ ಇತಿಹಾಸವನ್ನು ಎರಡು ಕಥೆಗಳಾಗಿ ಹೇಳುವ ರೂಢಿ ಬೆಳೆದಿದೆ. ಯೋಗ್ಯತೆಯನ್ನು ಬಲಿಗೊಟ್ಟರೆಂದು ಮಹಾಪುರುಷನೊಬ್ಬನು ಎದ್ದು ಹೋದನೆಂಬುದು ಒಂದು. ಜಾತಿಯ ಹಿತಕ್ಕಾಗಿ ಅವನು ಅಡ್ಡನಿಂತನೆಂಬುದು ಇನ್ನೊಂದು. ಎರಡೂ ನಾಟಕಕ್ಕೆ ಸಲ್ಲುತ್ತವೆ, ಚರಿತ್ರೆಗೆ ಸಲ್ಲವು. 1913ರ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವೂ 1916ರ ವಿಶ್ವವಿದ್ಯಾನಿಲಯವೂ ಅದೇ ದಿವಾನರ ಕಾಲದವು. ವಿದ್ಯೆಯನ್ನು ಹರಡಿದರೆ ಅಂತರ ತಾನೇ ತಗ್ಗುವುದೆಂದು ಅವರು ನಂಬಿದ್ದರು. ಬಿನ್ನವಿಸಿಕೊಂಡವರು, ವಿದ್ಯೆ ಹರಡುವಷ್ಟರಲ್ಲಿ ಉದ್ಯೋಗಗಳೆಲ್ಲ ತುಂಬಿಹೋಗಿ ಅಂತರ ಹೆಪ್ಪುಗಟ್ಟುವುದೆಂದು ನಂಬಿದ್ದರು. ವಿವಾದದ ತಿರುಳು ಕಾಲವನ್ನು ಕುರಿತದ್ದು: ಶಾಲೆಯೊಂದು ಎಷ್ಟು ತಲೆಮಾರಿನಲ್ಲಿ ತನ್ನ ಕೆಲಸ ಮಾಡೀತು ಎಂಬುದು. ಆಮೇಲಿನ ನೂರು ವರ್ಷಗಳು ಬಿನ್ನವಿಸಿಕೊಂಡವರ ಪಕ್ಷವನ್ನೇ ಹೆಚ್ಚಾಗಿ ಸಮರ್ಥಿಸಿದುವೆಂದು ನನ್ನ ಅಭಿಪ್ರಾಯ. ಆದರೆ ಸಮಿತಿಯ ಲಕ್ಷಣವಾಕ್ಯದಲ್ಲಿ ಅತಿವ್ಯಾಪ್ತಿದೋಷವಿದ್ದುದನ್ನು ಮುಚ್ಚಿಡಲಾಗದು. ಉದ್ಯೋಗಗಳಲ್ಲಿ ಸಾಕಷ್ಟು ಪಾಲಿಲ್ಲದ ಬ್ರಾಹ್ಮಣೇತರರೆಲ್ಲರೂ ಹಿಂದುಳಿದವರೆಂದ ಮೇಲೆ, ಜಮೀನ್ದಾರನೂ ಅವನ ಹೊಲದ ಜೀತಗಾರನೂ ಒಂದೇ ಪದದೊಳಗೆ ನಿಂತರು. ಅಸ್ಪೃಶ್ಯರಿಗೆ ಒಳಗಡೆ ಪ್ರಾಶಸ್ತ್ಯವೊಂದನ್ನು ಸೂಚಿಸಿದ್ದರೂ, ಅವರಲ್ಲಿ ತೇರ್ಗಡೆಯಾದವರು ಸಿಕ್ಕಿದಾಗ ಎಂಬ ಷರತ್ತು ಅದಕ್ಕಿತ್ತು. ಪದದೊಳಗಿನ ಈ ಏರುಪೇರನ್ನು ಸರಿಪಡಿಸುವ ಕೆಲಸ ಇನ್ನೂ ಮುಗಿದಿಲ್ಲ. ಪರಿಶಿಷ್ಟ ಜಾತಿಗಳಲ್ಲಿಯೂ ಒಳವಿಂಗಡಣೆ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 2024ನೆಯ ಆಗಸ್ಟಿನಲ್ಲಿ.

ಯೋಗ್ಯತೆಗೆ ಮರಳೋಣ. ಶಾಸ್ತ್ರದಲ್ಲಿ ಅದು ಸಂಬಂಧವಾಚಕ. ನೀರಿಗೆ ತೋಯಿಸುವ ಯೋಗ್ಯತೆಯುಂಟು, ಸುಡುವ ಯೋಗ್ಯತೆಯಿಲ್ಲ. ಯಾವುದಕ್ಕೆ ಎಂಬುದನ್ನು ಹೇಳದೆ ನೀರು ಯೋಗ್ಯವೆಂದರೆ ಏನನ್ನೂ ಹೇಳಿದಂತಾಗಲಿಲ್ಲ. ಸಾರ್ವಜನಿಕ ವಾದದಲ್ಲಾದರೋ ಈ ಪದವು ತನ್ನ ಸಂಬಂಧಿಯನ್ನು ಕಳೆದುಕೊಂಡು, ವ್ಯಕ್ತಿಯ ಮೈಯಲ್ಲಿ ಅಡಗಿರುವ ದ್ರವ್ಯದಂತೆ ವ್ಯವಹರಿಸುತ್ತದೆ. ಅವನಿಗೆ ಯೋಗ್ಯತೆ ಇದೆ, ಇವನಿಗೆ ಇಲ್ಲ. ರೋಗಿಯ ಮಾತನ್ನು ಅವನ ಭಾಷೆಯಲ್ಲಿಯೇ ಕೇಳಿ ತಿಳಿಯುವ ಯೋಗ್ಯತೆಯೋ, ಮೂರು ಗಂಟೆಗಳಲ್ಲಿ ನೂರೆಂಟು ಪ್ರಶ್ನೆಗಳಿಗೆ ಗುರುತು ಹಾಕುವ ಯೋಗ್ಯತೆಯೋ ಎಂದು ಕೇಳಿದರೆ ಉತ್ತರವಿಲ್ಲ.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಬಾಲಾಜಿ ತೀರ್ಪಿನ ತರುವಾಯ 1963ರಲ್ಲಿ ಸರ್ಕಾರವು ಜಾತಿಯನ್ನು ಬಿಟ್ಟು, ವರ್ಷಕ್ಕೆ 1,200 ರೂಪಾಯಿಗೆ ಮೀರದ ವರಮಾನ ಹಾಗೂ ತಂದೆಯ ಕಸುಬು ಇವೆರಡರಿಂದ ಹಿಂದುಳಿದವರನ್ನು ಗುರುತಿಸುವ ಹೊಸ ಕ್ರಮವನ್ನು ತಂದಿತು. ಅದರ ಜೊತೆಯಲ್ಲಿ ಸಂದರ್ಶನವನ್ನೂ ಏರ್ಪಡಿಸಿತು: ಐಚ್ಛಿಕ ವಿಷಯಗಳ ಪರಮಾಂಕಗಳಲ್ಲಿ ಶೇಕಡಾ 25ರಷ್ಟು ಅದಕ್ಕೆ ಮೀಸಲು; ಸಾಮಾನ್ಯಜ್ಞಾನ, ಅಭಿರುಚಿ, ವ್ಯಕ್ತಿತ್ವ, ಎನ್. ಸಿ. ಸಿ., ಆಟಪಾಟಗಳು ಅದರ ಅಂಗಗಳು. ಒಳ್ಳೆಯ ಅಂಕಗಳನ್ನು ಪಡೆದೂ ಸಂದರ್ಶನದಿಂದಾಗಿ ಸ್ಥಾನ ತಪ್ಪಿತೆಂದು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1964ರ ಚಿತ್ರಲೇಖಾ ಮೊಕದ್ದಮೆ ಇದೇ. ಸರ್ವೋಚ್ಚ ನ್ಯಾಯಾಲಯದ ಬಹುಮತವು ಕ್ರಮವನ್ನು ಎತ್ತಿಹಿಡಿಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಯೋಗ್ಯತೆಯ ಪದರದೊಳಗೆ ವ್ಯಕ್ತಿತ್ವವೆಂಬುದನ್ನು ಸೇರಿಸಿದಾಗ ಅದನ್ನು ತೂಗುವ ತಕ್ಕಡಿ ಸಂದರ್ಶಕರ ಮನಸ್ಸಿನಲ್ಲಿರುತ್ತದೆ. ಅರವತ್ತು ವರ್ಷಗಳಾದ ಮೇಲೆ ಹಾರ್ವರ್ಡಿನ ಮೊಕದ್ದಮೆಯಲ್ಲಿಯೂ ಜಗಳಕ್ಕೆ ಸಿಕ್ಕಿದ್ದು ಇಂಥದೇ ಒಂದು ಅಂಕ. ಏಷ್ಯಾಮೂಲದ ವಿದ್ಯಾರ್ಥಿಗಳು ಪಾಠದಲ್ಲಿ ಮುಂದಿದ್ದೂ ವ್ಯಕ್ತಿಗುಣಗಳ ಅಂಕದಲ್ಲಿ ಹಿಂದೆ ಬೀಳುತ್ತಿದ್ದುದೇಕೆಂಬುದು ಅಲ್ಲಿಯ ಪ್ರಶ್ನೆ. ಕೆಳಗಿನ ನ್ಯಾಯಾಲಯವು ಪಕ್ಷಪಾತವನ್ನು ಕಾಣಲಿಲ್ಲ. ಮೇಲಿನದು ಪದ್ಧತಿಯನ್ನೇ ಅಳಿಸಿತು. ಆದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೂ ಉದಾರ ದಾನಿಗಳ ಮಕ್ಕಳಿಗೂ ದೊರೆಯುವ ಪ್ರಾಶಸ್ತ್ಯವು ಆ ತೀರ್ಪಿನಿಂದ ನಿಲ್ಲಲಿಲ್ಲ.

ಕನ್ನಡನಾಡಿನಲ್ಲಿ ಹಣದ ದಾರಿ ಇನ್ನೂ ಹೆಚ್ಚು ಬಯಲಾಗಿದ್ದಿತು. ತಲೆದಂಡದ ಹಣವನ್ನು ನಿಷೇಧಿಸುವ ಕಾಯಿದೆ 1984ರಲ್ಲಿಯೇ ಆಗಿದ್ದರೂ, 1989ರ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ಸ್ಥಾನಗಳಿಗೆ ಮೂರು ದರಗಳಿದ್ದುವು: ಸರ್ಕಾರವು ಆರಿಸಿದವರಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರಗಿನವರಿಗೆ 60,000. ಮೀರತ್ತಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ತುಮಕೂರಿನ ಕಾಲೇಜಿನಲ್ಲಿ ಈ ದರವನ್ನು ತೆರಲಾರದೆ ಹೂಡಿದ ಮೋಹಿನಿ ಜೈನ್ ಮೊಕದ್ದಮೆಯು 1992ರಲ್ಲಿ ತೀರ್ಮಾನವಾಯಿತು. ಎರಡು ವರ್ಷಗಳಲ್ಲಿ ಸಾಮಾನ್ಯ ಪ್ರವೇಶಪರೀಕ್ಷೆಯ ವ್ಯವಸ್ಥೆ ಬಂತು. ಒಂದೇ ಪಾಠ, ಒಂದೇ ಗುರುಗಳು, ಒಂದೇ ಶವಚ್ಛೇದದ ಮೇಜು. ಬೆಲೆ ಮೂವತ್ತು ಪಟ್ಟು. ಆ ವರ್ಷಗಳಲ್ಲಿ ಯೋಗ್ಯತೆಯ ಪರವಾಗಿ ಬೀದಿಗಿಳಿದ ಸಭೆಗಳಲ್ಲಿ ಈ ಸ್ಥಾನಗಳ ಮಾತು ಎಷ್ಟು ಬಂದಿತು? 1985ರ ವಸಂತಕುಮಾರ್ ಮೊಕದ್ದಮೆಯಲ್ಲಿ, ಮುಂದೆ ಕರ್ನಾಟಕದ ಆಯೋಗಕ್ಕೂ ಅಧ್ಯಕ್ಷರಾದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು, ಮೀಸಲಾತಿಯ ಪ್ರಸ್ತಾಪ ಬಂದಾಗಲೇ ಉಳ್ಳವರ ತುಟಿಗೆ ದಕ್ಷತೆಯ ಮಾತು ಬರುವುದನ್ನು ಗುರುತಿಸಿದ್ದರು. ಭಾಷಾವಿಮರ್ಶೆಯಾಗಿ ಅದು ಉತ್ತಮವಾದುದು. ಒಂದು ಪದವು ಯಾವ ಸಂದರ್ಭದಲ್ಲಿ ಮಾತ್ರ ಪ್ರಯುಕ್ತವಾಗುವುದೋ ಆ ಸಂದರ್ಭವೇ ಅದರ ಅರ್ಥವನ್ನು ಹೇಳುತ್ತದೆ.

ಹಾಗೆಂದು ಅಂಕಗಳೆಲ್ಲ ಜಾತಿಯ ನೆರಳು, ಅವುಗಳಲ್ಲಿ ಹುರುಳಿಲ್ಲ ಎನ್ನುವ ಪ್ರತಿವಾದವನ್ನು ಒಪ್ಪಲಾಗದು. ಬಡಮಕ್ಕಳಿಗೆ ಸಂದರ್ಶನಕ್ಕಿಂತ ಲಿಖಿತ ಪರೀಕ್ಷೆಯೇ ಕಡಮೆ ಅಪಾಯಕರವೆಂಬುದಕ್ಕೆ ಚಿತ್ರಲೇಖಾ ಮೊಕದ್ದಮೆಯ ವೃತ್ತಾಂತವೇ ಸಾಕ್ಷಿಯಾದೀತು. ಅಳತೆಯು ಅಪೂರ್ಣವೆನ್ನುವುದು ಬೇರೆ, ಅಳತೆಯೇ ಬೇಡವೆನ್ನುವುದು ಬೇರೆ.

ಪ್ರಾಸಂಗಿಕವಾಗಿ ಇನ್ನೊಂದು. 1951ರಲ್ಲಿ ಮದ್ರಾಸಿನ ಜಾತಿವಾರು ಆಜ್ಞೆಯನ್ನು ಕೆಡವಿದ ಚಂಪಕಂ ದೊರೈರಾಜನ್ ಮೊಕದ್ದಮೆಯನ್ನು, ಯೋಗ್ಯತೆಯಿದ್ದೂ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ತಪ್ಪಿದ ವಿದ್ಯಾರ್ಥಿನಿಯ ಕಥೆಯಾಗಿ ಹೇಳುವುದು ವಾಡಿಕೆ. ದಕ್ಷಿಣ ಕನ್ನಡ, ಬಳ್ಳಾರಿಗಳ ಮಕ್ಕಳೂ ಆಗ ಆ ಆಜ್ಞೆಗೆ ಒಳಪಟ್ಟಿದ್ದರು. ಆದರೆ ಆಕೆ ಪ್ರವೇಶಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲವೆಂಬುದು ತೀರ್ಪಿನಲ್ಲಿಯೇ ದಾಖಲಾಗಿದೆ. ಹದಿನಾಲ್ಕು ಸ್ಥಾನಗಳಿಗೆ ಆರು, ಎರಡು, ಎರಡು, ಎರಡು, ಒಂದು, ಒಂದು ಎಂದು ಎಲ್ಲ ಸಮುದಾಯಗಳಿಗೂ ಹಂಚಿಟ್ಟಿದ್ದ ಆ ಆಜ್ಞೆ ಸಾಧುವೋ ಅಲ್ಲವೋ ಎಂಬ ತತ್ತ್ವಪ್ರಶ್ನೆಗೆ ಇದರಿಂದ ಬಾಧಕವಿಲ್ಲ. ಕಥೆಗೆ ಮಾತ್ರ ಬಾಧಕವುಂಟು.

ಮತ್ತೆ ಕಾಡುಗೋಡಿಗೆ ಬರೋಣ. ಈಗಿನ ಪ್ರವೇಶನಿಯಮಗಳಲ್ಲಿ ಜಾತಿಯ ಪಾಲುಗಳ ಒಳಗೇ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಎಂಬ ಏರ್ಪಾಡುಂಟು. ಒಂದನೆಯ ತರಗತಿಯಿಂದ ಹತ್ತನೆಯವರೆಗಿನ ಓದೇ ಎರಡಕ್ಕೂ ಆಧಾರ. ಮೊದಲು ಮಹದೇವಪುರದ ನಗರಸಭೆಗೆ ಸೇರಿದ್ದ ಕಾಡುಗೋಡಿ 2007ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯೊಳಕ್ಕೆ ಬಂತು. ಪಾಲಿಕೆಯ ಗೆರೆಯ ಆಚೆಗಿದ್ದ ಕಣ್ಣಮಂಗಲ ಗ್ರಾಮಪಂಚಾಯಿತಿಯಾಗಿಯೇ ಉಳಿಯಿತು. ಕಂಟೇನರು ಡಿಪೋದಲ್ಲಿ ಹೇರು ಇಳಿಸುವ ಕೂಲಿಯವನ ಮಗಳು ಕಾಡುಗೋಡಿಯ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದಳೆಂದಿಟ್ಟುಕೊಳ್ಳೋಣ. ನಿಯಮದ ಕಣ್ಣಿಗೆ ಅವಳು ಪಟ್ಟಣದವಳು. ಗೆರೆಯ ಆಚೆಯ ಶಾಲೆಯಲ್ಲಿ, ಎಷ್ಟೇ ಶುಲ್ಕದ ಶಾಲೆಯಾಗಿರಲಿ, ಹತ್ತು ವರ್ಷ ಓದಿದವನು ಹಳ್ಳಿಯವನು. ಗ್ರಾಮವೆಂಬ ಪದದ ವಾಚ್ಯಾರ್ಥ ಸರಿಯಾಗಿಯೇ ಇದೆ. ಅದನ್ನು ಬಳಸಿದ್ದು ಯಾವ ಲಕ್ಷ್ಯಾರ್ಥಕ್ಕಾಗಿಯೋ ಅದು ಗೆರೆ ದಾಟಿ ಈಚೆಗೆ ಬಂದಿದೆ. ಜಾತಿಯ ಪಾಲನ್ನು ಟೀಕಿಸಿ, ಅದರ ಬದಲು ಊರು, ವರಮಾನ ಇವನ್ನೇ ಹಿಡಿದರೆ ವಿವಾದವೇ ಇರದೆಂದು ಹೇಳುವವರು ಈ ಗೆರೆಯನ್ನೊಮ್ಮೆ ಹೋಗಿ ನೋಡಬೇಕು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿಗಳ ಬಾಧೆ ಜಾತಿಯಲ್ಲಿ ಮಾತ್ರ ಬರುವುದಲ್ಲ.

ಇನ್ನು ಸಂಶೋಧಕರಿಗೆ ಉಳಿದಿರುವ ಒಂದು ಕೆಲಸವನ್ನು ಸೂಚಿಸಬೇಕು. 337ನೆಯ ವಿಧಿಯು ಜಾರಿಯಲ್ಲಿದ್ದ 1950ರಿಂದ 1960ರವರೆಗಿನ ಅವಧಿಯಲ್ಲಿ ಶೇಕಡಾ 40ರ ಆ ಬಾಗಿಲಿನಿಂದ ಒಳಗೆ ಹೋದ ಮಕ್ಕಳು ಯಾರು? ದಂಡಿನ ಪ್ರದೇಶದ ವರ್ತಕರ ಮಕ್ಕಳೇ, ಅಧಿಕಾರಿಗಳ ಮಕ್ಕಳೇ, ಅಥವಾ ಕಾಡುಗೋಡಿಯಂಥ ಊರುಗಳ ರೈತರ ಮಕ್ಕಳೂ ಇದ್ದರೆ? ಬೆಂಗಳೂರಿನ ಹಳೆಯ ಆಂಗ್ಲೋ-ಇಂಡಿಯನ್ ಶಾಲೆಗಳ ಆ ಹತ್ತು ವರ್ಷಗಳ ಪ್ರವೇಶಪುಸ್ತಕಗಳನ್ನು ಹೆಸರು, ತಂದೆಯ ಕಸುಬು, ಮನೆಮಾತು ಇವುಗಳ ಪ್ರಕಾರ ವಿಂಗಡಿಸಿ ನೋಡಿದರೆ, ಬಾಗಿಲನ್ನು ತೆರೆಯಬೇಕೆಂದು ಮಾತ್ರ ಹೇಳಿ ಯಾರಿಗೆಂದು ಹೇಳದ ನಿಯಮವೊಂದು ಹೇಗೆ ನಡೆಯಿತೆಂಬುದು ತಿಳಿದೀತು.